ಆಟದ ಯಂತ್ರಗಳ ಚಿತ್ರಶಕ್ತಿ

ಕಳೆದ ಡಿಸೆಂಬರ್ ತಿಂಗಳಿನಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳೊಡನೆ ಕೊಚ್ಚಿ ಮತ್ತು ತಿರುವನಂತಪುರಗಳಿಗೆ ಪ್ರವಾಸ ಹೋಗುವ ಸುಯೋಗ ನನಗೆ ಒದಗಿತು. ಅಲ್ಲಿನ ಕಡಲು, ಅರಮನೆ, ದೇವಾಲಯಗಳ ವರ್ಣನೆಯನ್ನು ಬರೆಯಲು ನನಗಿಂತ ಉತ್ಸಾಹಿಗಳಾದ ವಿದ್ಯಾರ್ಥಿಗಳಿರುವರು. ಆದುದರಿಂದ ಆ ಕೆಲಸವನ್ನು ಅವರಿಗೇ ಬಿಟ್ಟು, ಪ್ರವಾಸದಲ್ಲಿ ನಾನು ಮಾಡಿದ ಒಂದು ತಪ್ಪನ್ನೂ, ಅದನ್ನು ತಿದ್ದಿಕೊಳ್ಳುವ ಸಲುವಾಗಿ ಕಲಿತುಕೊಂಡ ವಿಷಯವನ್ನೂ ಇಲ್ಲಿ ತಿಳಿಸಬೇಕೆಂದಿದ್ದೇನೆ.

ನಾವು ಬೆಂಗಳೂರಿನಿಂದ ಕನ್ಯಾಕುಮಾರಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟೆವು. ರೈಲು ಬಂಗಾರಪೇಟೆಯನ್ನು ದಾಟುವ ವೇಳೆಗೆ ನಮ್ಮ ಡಬ್ಬಿಯಲ್ಲಿ ದೊಡ್ಡದೊಂದು ವಾಗ್ವಾದ ಎದ್ದಿತ್ತು. ಒಬ್ಬ ಹುಡುಗನು ತನ್ನ ಸೋದರಮಾವನ ಮನೆಯಲ್ಲಿ ಪ್ಲೇಸ್ಟೇಷನ್ ೫ ಎಂಬ ವೀಡಿಯೊ ಆಟದ ಯಂತ್ರವನ್ನು ಕಂಡಿದ್ದನು. ಇನ್ನೊಬ್ಬನು ತನ್ನ ಅಣ್ಣನ ಗೆಳೆಯನ ಮನೆಯಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎಂಬುದನ್ನು ಕಂಡಿದ್ದನು. ಇವೆರಡರಲ್ಲಿ ಯಾವುದರ ಗ್ರಾಫಿಕ್ಸ್, ಅಂದರೆ ಚಿತ್ರ ಬಿಡಿಸುವ ಶಕ್ತಿ, ಮೇಲು ಎಂಬುದೇ ವಾದದ ವಿಷಯ. ಇಬ್ಬರಲ್ಲಿ ಯಾರ ಮನೆಯಲ್ಲೂ ಅಂಥ ಯಂತ್ರವಿರಲಿಲ್ಲ. ಆದರೂ ಒಂದೇ ಬೆಂಚಿನಲ್ಲಿ ನಾಲ್ಕು ವರ್ಷ ಕುಳಿತ ಆ ಗೆಳೆಯರು ಮುಖ ಕೆಂಪಗೆ ಮಾಡಿಕೊಂಡು ಕೂಗಾಡುತ್ತಿದ್ದರು.

ಕೊನೆಗೆ ಇಬ್ಬರೂ ನನ್ನ ಬಳಿಗೆ ಬಂದರು. “ಸಾರ್, ಎಕ್ಸ್‌ಬಾಕ್ಸಿಗೆ ೧೨ ಟೆರಾಫ್ಲಾಪ್, ಪ್ಲೇಸ್ಟೇಷನ್ನಿಗೆ ೧೦. ಯಾವುದು ಮೇಲು, ನೀವೇ ಹೇಳಿ” ಎಂದನು ಎರಡನೆಯವನು. ಆ ಪದದ ಅರ್ಥ ನನಗೆ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಧೈರ್ಯವೂ ಆಗಲಿಲ್ಲ. “ಹತ್ತಕ್ಕಿಂತ ಹನ್ನೆರಡು ದೊಡ್ಡದಲ್ಲವೇನಯ್ಯ? ಇದರಲ್ಲಿ ವಾದವೇನಿದೆ?” ಎಂದುಬಿಟ್ಟೆನು. ಡಬ್ಬಿಯಲ್ಲಿದ್ದವರೆಲ್ಲ ನಕ್ಕರು. ಸೋತ ಹುಡುಗನು ಕಿಟಕಿಯ ಕಡೆಗೆ ಮುಖ ತಿರುಗಿಸಿ ಕುಳಿತನು. ಆ ರಾತ್ರಿ ಅವನು ತನ್ನ ತಾಯಿ ಕಟ್ಟಿಕೊಟ್ಟಿದ್ದ ಬುತ್ತಿಯನ್ನು ಬಿಚ್ಚಲೇ ಇಲ್ಲ.

ಮರುದಿನ ಎರ್ನಾಕುಲಂ ದೋಣಿಕಟ್ಟೆಯಿಂದ ಯಂತ್ರದೋಣಿಯಲ್ಲಿ ಫೋರ್ಟ್ ಕೊಚ್ಚಿಗೆ ಹೋಗಿ, ಅಲ್ಲಿಂದ ಮಟ್ಟಾಂಚೇರಿಯ ಅರಮನೆಯನ್ನು ನೋಡಿದೆವು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಕಟ್ಟಿಸಿ ಕೊಚ್ಚಿಯ ಅರಸನಿಗೆ ಒಪ್ಪಿಸಿದ ಈ ಅರಮನೆಯನ್ನು ಮುಂದೆ ಡಚ್ಚರು ದುರಸ್ತಿ ಮಾಡಿಸಿದರು. ಅದರ ಶಯನಗೃಹದ ಗೋಡೆಗಳ ಮೇಲೆ ರಾಮಾಯಣದ ಕಥೆಯನ್ನು ಚಿತ್ರಿಸಿದ್ದಾರೆ. ಮುಖ್ಯವಾಗಿ ಹಳದಿ, ಕೆಂಪು, ಹಸಿರು, ಕಪ್ಪು, ಬಿಳುಪು ಎಂಬ ಕೆಲವೇ ಬಣ್ಣಗಳು; ಗಟ್ಟಿಯಾದ ರೇಖೆಗಳು; ನೆರಳೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಆದರೂ ಗೋಡೆಯ ತುಂಬ ಜನ ಕಿಕ್ಕಿರಿದು, ಕಥೆ ನಮ್ಮ ಕಣ್ಣ ಮುಂದೆಯೇ ನಡೆಯುವಂತೆ ತೋರುವುದು.

ಎರಡು ದಿನಗಳ ಮೇಲೆ ತಿರುವನಂತಪುರದ ಮ್ಯೂಸಿಯಂ ಆವರಣದ ಚಿತ್ರಶಾಲೆಯಲ್ಲಿ ರಾಜಾ ರವಿವರ್ಮನ ತೈಲಚಿತ್ರಗಳ ಮುಂದೆ ನಿಂತೆವು. ೧೮೪೮ರಲ್ಲಿ ಆ ನಗರಕ್ಕೆ ಸಮೀಪದ ಕಿಳಿಮಾನೂರಿನಲ್ಲಿ ಹುಟ್ಟಿದ ಈ ಕಲಾವಿದನ ಕೃತಿಗಳನ್ನು ನಮ್ಮ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಿಮ್ಮಲ್ಲಿ ಅನೇಕರು ಕಂಡಿರಬಹುದು. ಅಲ್ಲಿ ಎಲ್ಲವೂ ಬೆಳಕಿನ ಆಟ. ಸೀರೆಯ ಜರಿ ಮಿನುಗುವುದು, ಕೊರಳ ಮುತ್ತು ಹೊಳೆಯುವುದು, ಕೆನ್ನೆಯ ಒಂದು ಭಾಗ ನೆರಳಿಗೆ ಸರಿಯುವುದು.

ನಮ್ಮೊಡನೆ ಬಂದಿದ್ದ ಗಣಕಶಾಸ್ತ್ರದ ಉಪಾಧ್ಯಾಯಿನಿಯವರು ಆಗ ಮೆಲ್ಲನೆ ನನ್ನನ್ನು ಕೇಳಿದರು: “ಮಟ್ಟಾಂಚೇರಿಯ ಗೋಡೆಗೂ ಈ ಚಿತ್ರಕ್ಕೂ ಸೇರಿ, ಯಾವುದು ಎಷ್ಟು ಮೇಲೆಂದು ಒಂದೊಂದು ಅಂಕಿಯಲ್ಲಿ ಹೇಳಬಲ್ಲಿರಾ? ರೈಲಿನಲ್ಲಿ ಆ ಹುಡುಗನಿಗೆ ನೀವು ಕೊಟ್ಟ ತೀರ್ಪು ಅಂಥದು.” ನನಗೆ ನಾಚಿಕೆಯಾಯಿತು. ಆ ಸಂಜೆ ವಸತಿಗೃಹದಲ್ಲಿ ಅವರು ನಮಗೆಲ್ಲ ವಿಷಯವನ್ನು ಬಿಡಿಸಿ ಹೇಳಿದರು. ಅವರಿಂದ ಕೇಳಿದುದನ್ನೂ, ಊರಿಗೆ ಬಂದ ಮೇಲೆ ನಾನೇ ಓದಿ ಲೆಕ್ಕ ಹಾಕಿದುದನ್ನೂ ಕೂಡಿಸಿ ಕೆಳಗೆ ಬರೆದಿದ್ದೇನೆ.

ಮೊದಲು, ಯಂತ್ರವು ಚಿತ್ರವನ್ನು ಹೇಗೆ ಬಿಡಿಸುತ್ತದೆಂಬುದನ್ನು ತಿಳಿಯೋಣ. ನಮ್ಮ ಮನೆಗಳ ಮುಂದೆ ಚುಕ್ಕಿಗಳನ್ನಿಟ್ಟು ರಂಗೋಲಿ ಹಾಕುವುದನ್ನು ನೀವು ಬಲ್ಲಿರಿ. ದೂರದರ್ಶನದ ಪರದೆಯೂ ಅಂಥ ಚುಕ್ಕಿಗಳ ಸಾಲುಗಳಿಂದಲೇ ಆದುದು. ಈ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. ೧೯೮೩ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ಹೊರತಂದ ಫ್ಯಾಮಿಕಾಂ ಎಂಬ ಯಂತ್ರವು ಅಡ್ಡಲಾಗಿ ೨೫೬, ಮೇಲಿಂದ ಕೆಳಕ್ಕೆ ೨೪೦ ಚುಕ್ಕಿಗಳನ್ನು ಬಿಡಿಸುತ್ತಿತ್ತು. ಗುಣಿಸಿದರೆ ೬೧,೪೪೦ ಚುಕ್ಕಿಗಳು. ಇಂದಿನ ೪ಕೆ ಪರದೆಯಲ್ಲಿ ಅಡ್ಡಲಾಗಿ ೩,೮೪೦, ಮೇಲಿಂದ ಕೆಳಕ್ಕೆ ೨,೧೬೦, ಒಟ್ಟು ೮೨,೯೪,೪೦೦ ಚುಕ್ಕಿಗಳಿರುವವು. ಭಾಗಿಸಿ ನೋಡಿರಿ: ಸರಿಯಾಗಿ ೧೩೫ ಪಟ್ಟು.

ಇಷ್ಟೇ ಆದರೆ ಕೆಲಸ ಸುಲಭ. ಆಟದಲ್ಲಿ ಚಿತ್ರವು ಚಲಿಸಬೇಕು. ಅದಕ್ಕಾಗಿ ಸೆಕೆಂಡಿಗೆ ೩೦ ಅಥವಾ ೬೦ ಸಲ, ಕೆಲವು ಆಟಗಳಲ್ಲಿ ೧೨೦ ಸಲ, ಇಡೀ ರಂಗೋಲಿಯನ್ನು ಅಳಿಸಿ ಹೊಸದಾಗಿ ಹಾಕಬೇಕು. ೬೦ ಸಲವೆಂದರೆ ಪ್ರತಿಯೊಂದು ಚಿತ್ರಕ್ಕೂ ಸೆಕೆಂಡಿನ ಸಾವಿರ ಭಾಗಗಳಲ್ಲಿ ೧೭ಕ್ಕಿಂತ ಕಡಿಮೆ ಕಾಲ ದೊರೆಯುವುದು. ಸೆಕೆಂಡಿಗೆ ಬಣ್ಣ ತುಂಬಬೇಕಾದ ಚುಕ್ಕಿಗಳು ೪೯,೭೬,೬೪,೦೦೦. ಹತ್ತಿರ ಹತ್ತಿರ ಐವತ್ತು ಕೋಟಿ!

ತಿರುವನಂತಪುರದ ಕಾರ್ಯವಟ್ಟಂ ಬಳಿ ೧೯೯೦ರಲ್ಲಿ ಸ್ಥಾಪನೆಯಾದ ಟೆಕ್ನೋಪಾರ್ಕನ್ನು ನಾವು ಬಸ್ಸಿನಿಂದಲೇ ನೋಡಿದೆವು. ಅಲ್ಲಿನ ಟೂನ್ಜ್ ಸಂಸ್ಥೆಯು ೧೯೯೯ರಿಂದ ಚಲಿಸುವ ಚಿತ್ರಗಳನ್ನು ತಯಾರಿಸುತ್ತ ಬಂದಿದೆ. ನಮ್ಮ ಕೃಷ್ಣದೇವರಾಯನ ಆಸ್ಥಾನದ ತೆನಾಲಿ ರಾಮನ ಕಥೆಗಳನ್ನೂ ಅದು ಚಿತ್ರಿಸಿದೆ. ಅಂಥ ಚಿತ್ರದ ಒಂದೊಂದು ನೋಟವನ್ನು ಬಿಡಿಸಲು ಗಂಟೆಗಳೇ ಹಿಡಿದರೂ ನಷ್ಟವಿಲ್ಲ. ನೋಡುವವನು ಮುಂದೆಂದೋ ನೋಡುವನು. ಆಟದ ಯಂತ್ರಕ್ಕೆ ಆ ಸೌಕರ್ಯವಿಲ್ಲ. ಆಡುವವನು ಗುಂಡಿಯನ್ನು ಒತ್ತಿದ ಕೂಡಲೆ, ಅವನು ಎತ್ತ ತಿರುಗಿದನೋ ಅತ್ತಣ ನೋಟವನ್ನು ಕಣ್ಣು ಮಿಟುಕಿಸುವುದರೊಳಗೆ ಬಿಡಿಸಿ ತೋರಿಸಬೇಕು. ಆದುದರಿಂದ ಈ ಯಂತ್ರಗಳ ವಿಚಾರದಲ್ಲಿ “ಎಷ್ಟು ಚೆಂದ?” ಎಂಬ ಪ್ರಶ್ನೆಯೊಡನೆ “ಎಷ್ಟು ಕಾಲದಲ್ಲಿ?” ಎಂಬ ಪ್ರಶ್ನೆಯೂ ಸೇರಿಯೇ ಇರುತ್ತದೆ.

ಇನ್ನು ಟೆರಾಫ್ಲಾಪ್ ಎಂದರೇನು? ಸೆಕೆಂಡಿಗೆ ಒಂದು ಲಕ್ಷ ಕೋಟಿ ದಶಮಾಂಶ ಲೆಕ್ಕಗಳನ್ನು ಮಾಡಬಲ್ಲ ಶಕ್ತಿಗೆ ಆ ಹೆಸರು. ಇದನ್ನು ಒಂದು ದೊಡ್ಡ ಮದುವೆಯ ಅಡಿಗೆಮನೆಗೆ ಹೋಲಿಸಬಹುದು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಯಂತ್ರದ ಚಿತ್ರ ಬಿಡಿಸುವ ಭಾಗದಲ್ಲಿ ಅಡಿಗೆಯವರ ೫೨ ತಂಡಗಳಿವೆ ಎಂದುಕೊಳ್ಳಿರಿ. ತಂಡಕ್ಕೆ ೬೪ ಮಂದಿ. ಮೇಸ್ತ್ರಿಯು ಸೆಕೆಂಡಿಗೆ ೧೮೨.೫ ಕೋಟಿ ಸಲ ತಾಳ ಹಾಕುವನು. ಪ್ರತಿಯೊಂದು ತಾಳಕ್ಕೂ ಪ್ರತಿಯೊಬ್ಬನು ಒಂದು ಗುಣಾಕಾರ, ಒಂದು ಸಂಕಲನ, ಹೀಗೆ ಎರಡು ಲೆಕ್ಕ ಮಾಡುವನು. ಎಲ್ಲವನ್ನೂ ಗುಣಿಸಿದರೆ ೧೨.೧೫ ಟೆರಾಫ್ಲಾಪ್ ಬರುವುದು. ಪ್ಲೇಸ್ಟೇಷನ್ ೫ರಲ್ಲಿ ತಂಡಗಳು ೩೬ ಮಾತ್ರ. ಆದರೆ ಅಲ್ಲಿಯ ತಾಳ ಚುರುಕು, ಸೆಕೆಂಡಿಗೆ ೨೨೩ ಕೋಟಿಯವರೆಗೆ ಏರುತ್ತದೆ. ಗುಣಿಸಿದರೆ ೧೦.೨೮. ರೈಲಿನಲ್ಲಿ ನಾನು ಕೇಳಿದ ಹನ್ನೆರಡು ಮತ್ತು ಹತ್ತು ಎಂಬ ಸಂಖ್ಯೆಗಳ ಮೂಲ ಇದು.

ಇದರಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಇದು ಒಬ್ಬನೂ ಕೈಕಟ್ಟಿ ನಿಲ್ಲದಿದ್ದಾಗ ಆಗಬಹುದಾದ ಗರಿಷ್ಠ ಕೆಲಸದ ಲೆಕ್ಕ. ಅಡಿಗೆಯವರು ಎಷ್ಟೇ ಮಂದಿಯಿದ್ದರೂ ತರಕಾರಿ, ನೀರು, ಸೌದೆ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಅವರು ಸುಮ್ಮನೆ ನಿಲ್ಲಬೇಕಾಗುವುದು. ಯಂತ್ರದಲ್ಲಿ ಈ ಸಾಮಗ್ರಿಯನ್ನು ಒದಗಿಸುವುದು ಸ್ಮರಣಕೋಶ, ಅಂದರೆ ಮೆಮೊರಿ. ಎರಡು ಯಂತ್ರಗಳಲ್ಲೂ ಅದು ೧೬ ಗಿಗಾಬೈಟ್. ಆದರೆ ಪ್ಲೇಸ್ಟೇಷನ್ ೫ರಲ್ಲಿ ಇಡೀ ಕೋಶದಿಂದ ಸೆಕೆಂಡಿಗೆ ೪೪೮ ಗಿಗಾಬೈಟ್ ಸಾಗುವುದು. ಎಕ್ಸ್‌ಬಾಕ್ಸಿನಲ್ಲಿ ೧೦ ಗಿಗಾಬೈಟಿನ ಭಾಗದಿಂದ ೫೬೦ರ ವೇಗದಲ್ಲೂ, ಉಳಿದ ೬ ಗಿಗಾಬೈಟಿನ ಭಾಗದಿಂದ ೩೩೬ರ ವೇಗದಲ್ಲೂ ಸಾಗುವುದು. ಇನ್ನು ಸಾಮಾನುಗಳೆಲ್ಲ ಮೊದಲು ಶೇಖರವಾಗಿರುವ ಉಗ್ರಾಣವುಂಟು. ಎಸ್‌ಎಸ್‌ಡಿ ಎಂಬ ಈ ಉಗ್ರಾಣದ ಬಾಗಿಲಲ್ಲಿ ಪ್ಲೇಸ್ಟೇಷನ್ನಿಗೆ ಸೆಕೆಂಡಿಗೆ ೫.೫ ಗಿಗಾಬೈಟ್, ಎಕ್ಸ್‌ಬಾಕ್ಸಿಗೆ ೨.೪ ಗಿಗಾಬೈಟ್ ಹೊರಬರುವುದು. ಒಬ್ಬರ ಮನೆಯಲ್ಲಿ ಅಡಿಗೆಯವರು ಹೆಚ್ಚು, ಇನ್ನೊಬ್ಬರ ಮನೆಯಲ್ಲಿ ಉಗ್ರಾಣದ ಬಾಗಿಲು ದೊಡ್ಡದು. ಯಾವ ಮನೆಯ ಊಟ ಮೇಲೆಂದು ಬಾಗಿಲಲ್ಲೇ ನಿಂತು ಹೇಳಲಾದೀತೆ?

ಎರಡನೆಯದಾಗಿ, ೧೨.೧೫ ಎಂಬುದು ೧೦.೨೮ಕ್ಕಿಂತ ಶೇಕಡ ೧೮ರಷ್ಟು ಹೆಚ್ಚು. ಈ ಹೆಚ್ಚಿನ ಶಕ್ತಿಯನ್ನೆಲ್ಲ ಚುಕ್ಕಿಗಳನ್ನು ಹೆಚ್ಚಿಸುವುದಕ್ಕೇ ಉಪಯೋಗಿಸಿದರೆಂದು ಭಾವಿಸೋಣ. ಚಾಪೆಯ ವಿಸ್ತೀರ್ಣ ಶೇಕಡ ೧೮ ಹೆಚ್ಚಬೇಕಾದರೆ ಅದರ ಉದ್ದ ಅಗಲಗಳು ತಲಾ ಶೇಕಡ ೯ರಷ್ಟು ಹೆಚ್ಚಿದರೆ ಸಾಕೆಂದು ನೀವು ಗಣಿತದಲ್ಲಿ ಕಲಿತಿದ್ದೀರಿ. ಅಂದರೆ ಒಂದು ಯಂತ್ರವು ಸಾಲಿಗೆ ನೂರು ಚುಕ್ಕಿ ಇಡುವಲ್ಲಿ ಇನ್ನೊಂದು ನೂರ ಒಂಬತ್ತು ಇಡುವುದು. ಎಂಟು ಅಡಿ ದೂರದಲ್ಲಿ ಕುಳಿತು ಆಡುವವನ ಕಣ್ಣಿಗೆ ಇದು ಗೊತ್ತಾಗುವುದು ಕಷ್ಟ. ರೈಲಿನಲ್ಲಿ ಒಬ್ಬ ಹುಡುಗನ ಊಟ ಬಿಡಿಸಿದ ವ್ಯತ್ಯಾಸ ಇಷ್ಟೇ ಆಗಿತ್ತು!

ಕಾಗದದ ಮೇಲಿನ ಅಂಕಿ ಒಂದು, ಪರದೆಯ ಮೇಲಿನ ಚಿತ್ರ ಇನ್ನೊಂದು ಎಂಬುದಕ್ಕೆ ಅನುಭವದ ಸಾಕ್ಷ್ಯವೂ ಇದೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ೨೦೨೦ರ ನವೆಂಬರ್ ೧೦ರಂದು ಭಾರತದಲ್ಲೂ ಮಾರಾಟಕ್ಕೆ ಬಂದಿತು. ಪ್ಲೇಸ್ಟೇಷನ್ ೫ ಅದೇ ತಿಂಗಳು ಹೊರದೇಶಗಳಲ್ಲೂ, ೨೦೨೧ರ ಫೆಬ್ರವರಿ ೨ರಂದು ಭಾರತದಲ್ಲೂ ಬಂದಿತು. ಎರಡಕ್ಕೂ ಚಿತ್ರಭಾಗವನ್ನು ಒದಗಿಸಿದುದು ಎಎಂಡಿ ಎಂಬ ಒಂದೇ ಸಂಸ್ಥೆ. ಆರಂಭದ ತಿಂಗಳುಗಳಲ್ಲಿ ಎರಡು ಯಂತ್ರಗಳಿಗೂ ಬಂದ ಕೆಲವು ಆಟಗಳು ಕಡಿಮೆ ಅಂಕಿಯ ಪ್ಲೇಸ್ಟೇಷನ್ನಿನಲ್ಲೇ ಹೆಚ್ಚು ಸರಾಗವಾಗಿ ಓಡಿದುವು. ಬೇರೆ ಕೆಲವು ಎಕ್ಸ್‌ಬಾಕ್ಸಿನಲ್ಲಿ ಹೆಚ್ಚು ಸ್ಫುಟವಾಗಿ ಕಂಡುವು. ಆಟವನ್ನು ರಚಿಸುವವರಿಗೆ ಯಂತ್ರದ ಪರಿಚಯ ಎಷ್ಟಿದೆ, ಅವರು ಯಾವುದಕ್ಕೆ ಹೆಚ್ಚು ಶ್ರಮಪಟ್ಟರು ಎಂಬುದರ ಮೇಲೂ ಫಲವು ನಿಂತಿರುತ್ತದೆ.

ಈ ಬಗೆಯ ಜಗಳ ಹೊಸದೇನೂ ಅಲ್ಲ. ಹಿಂದಿನ ಮೂರು ಜೋಡಿಗಳನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುವುದು.

ಸೆಗಾ ಸಂಸ್ಥೆಯ ಮೆಗಾ ಡ್ರೈವ್ ೧೯೮೮ರಲ್ಲೂ, ನಿಂಟೆಂಡೊವಿನ ಸೂಪರ್ ಫ್ಯಾಮಿಕಾಂ ೧೯೯೦ರಲ್ಲೂ ಜಪಾನಿನಲ್ಲಿ ಬಂದುವು. ಮೊದಲನೆಯದರ ಮುಖ್ಯ ಗಣಕಭಾಗವು ಸೆಕೆಂಡಿಗೆ ಸುಮಾರು ೭೬ ಲಕ್ಷ ತಾಳಗಳಲ್ಲಿ ನಡೆದರೆ, ಎರಡನೆಯದು ಹೆಚ್ಚೆಂದರೆ ೩೬ ಲಕ್ಷಕ್ಕೆ ತುಸು ಕಡಿಮೆ. ವೇಗವನ್ನು ನೋಡಿದವರು ಸೆಗಾ ಗೆದ್ದಿತೆಂದರು. ಆದರೆ ಮೆಗಾ ಡ್ರೈವ್ ೫೧೨ ಬಣ್ಣಗಳಿಂದ ಆರಿಸಿ ಒಮ್ಮೆಗೆ ಅರವತ್ತರ ಆಸುಪಾಸಿನ ಬಣ್ಣಗಳನ್ನು ತೋರಿಸುತ್ತಿತ್ತು. ಸೂಪರ್ ಫ್ಯಾಮಿಕಾಂ ೩೨,೭೬೮ ಬಣ್ಣಗಳಿಂದ ಆರಿಸಿ ಒಮ್ಮೆಗೆ ೨೫೬ನ್ನು ತೋರಿಸಬಲ್ಲುದಾಗಿತ್ತು. ಓಟದ ಆಟಕ್ಕೆ ಒಂದು ಒಪ್ಪಿತು, ವರ್ಣವೈಭವಕ್ಕೆ ಇನ್ನೊಂದು.

ಸೋನಿ ಸಂಸ್ಥೆಯ ಮೊದಲ ಪ್ಲೇಸ್ಟೇಷನ್ ೧೯೯೪ರಲ್ಲಿ ಬಂದಿತು. ನಿಂಟೆಂಡೊ ೬೪ ಎಂಬುದು ೧೯೯೬ರಲ್ಲಿ. ಈ ವೇಳೆಗೆ ಚಿತ್ರಗಳು ಚಪ್ಪಟೆಯಾಗಿರದೆ ಉದ್ದ, ಅಗಲ, ಆಳ ಮೂರನ್ನೂ ಪಡೆದಿದ್ದುವು. ಅನೇಕ ತ್ರಿಕೋನಗಳನ್ನು ಜೋಡಿಸಿ ವಸ್ತುವಿನ ಆಕಾರ ಮಾಡಿ, ಅದರ ಮೇಲೆ ಇಟ್ಟಿಗೆ, ಮರ, ಹುಲ್ಲುಗಳ ಚಿತ್ರವನ್ನು ಹೊದಿಕೆಯಂತೆ ಹೊದಿಸುವುದು ಕ್ರಮ. ಪ್ಲೇಸ್ಟೇಷನ್ ಹೊದಿಸುವಾಗ ದೂರ ಹತ್ತಿರಗಳ ಲೆಕ್ಕವನ್ನು ಪೂರ್ತಿಯಾಗಿ ಮಾಡುತ್ತಿರಲಿಲ್ಲ. ಆದುದರಿಂದ ಗೋಡೆಯ ಹತ್ತಿರ ಹೋದರೆ ಅದು ನೀರಿನಲ್ಲಿನ ಬಿಂಬದಂತೆ ತುಯ್ದಾಡುತ್ತಿತ್ತು. ನಿಂಟೆಂಡೊ ೬೪ ಆ ಲೆಕ್ಕವನ್ನು ಸರಿಯಾಗಿ ಮಾಡುತ್ತಿತ್ತು. ಅದರ ಗೋಡೆಗಳು ಅಲುಗುತ್ತಿರಲಿಲ್ಲ. ಆದರೆ ಹೊದಿಕೆಯ ಚಿತ್ರವನ್ನು ಇಟ್ಟುಕೊಳ್ಳಲು ಅದಕ್ಕಿದ್ದ ಜಾಗ ೪ ಕಿಲೋಬೈಟ್ ಮಾತ್ರ. ಚಿಕ್ಕ ಚಿತ್ರವನ್ನೇ ಹಿಗ್ಗಿಸಿ ಹೊದಿಸಬೇಕಾದುದರಿಂದ ಎಲ್ಲವೂ ಮಂಜು ಕವಿದಂತೆ ಮಸುಕಾಗಿ ಕಾಣುತ್ತಿತ್ತು. ಮೇಲಾಗಿ ಪ್ಲೇಸ್ಟೇಷನ್ನಿನ ಆಟ ಸುಮಾರು ೬೫೦ ಮೆಗಾಬೈಟ್ ಹಿಡಿಯುವ ಸಿ.ಡಿ.ಯಲ್ಲಿ ಬರುತ್ತಿತ್ತು, ನಿಂಟೆಂಡೊ ೬೪ರ ಅತಿ ದೊಡ್ಡ ಕಾರ್ಟ್ರಿಜ್ ಹಿಡಿಯುತ್ತಿದ್ದುದು ೬೪ ಮೆಗಾಬೈಟ್. ಒಂದರಲ್ಲಿ ಸ್ಫುಟತೆ, ಅಸ್ಥಿರತೆ; ಇನ್ನೊಂದರಲ್ಲಿ ಸ್ಥಿರತೆ, ಮಸುಕು.

ಮೂರನೆಯ ಜೋಡಿಯಲ್ಲಿ ವ್ಯತ್ಯಾಸ ನಿಜವಾಗಿಯೂ ದೊಡ್ಡದಾಗಿತ್ತು. ೨೦೦೦ದಲ್ಲಿ ಬಂದ ಪ್ಲೇಸ್ಟೇಷನ್ ೨ರ ಸ್ಮರಣಕೋಶ ೩೨ ಮೆಗಾಬೈಟ್. ಚಿತ್ರಕ್ಕೆಂದೇ ಪ್ರತ್ಯೇಕವಾಗಿ ೪ ಮೆಗಾಬೈಟ್ ಇದ್ದಿತು. ೨೦೦೧ರಲ್ಲಿ ಮೈಕ್ರೋಸಾಫ್ಟ್ ತಂದ ಮೊದಲ ಎಕ್ಸ್‌ಬಾಕ್ಸಿನದು ೬೪ ಮೆಗಾಬೈಟ್. ಅದರ ಚಿತ್ರಭಾಗವೂ ಹೆಚ್ಚು ಸಮರ್ಥವಾಗಿತ್ತು. ಆದರೆ ಪ್ಲೇಸ್ಟೇಷನ್ ೨ ಹದಿನೈದು ಕೋಟಿಗೂ ಹೆಚ್ಚು ಮಾರಾಟವಾದರೆ, ಎಕ್ಸ್‌ಬಾಕ್ಸ್ ಎರಡೂವರೆ ಕೋಟಿಯನ್ನೂ ಮುಟ್ಟಲಿಲ್ಲ. ೨೦೦೬ರ ನಿಂಟೆಂಡೊ ವೀ ಎಂಬ ಯಂತ್ರವು ತನ್ನ ಕಾಲದ ಎದುರಾಳಿಗಳಿಗಿಂತ ಚಿತ್ರಶಕ್ತಿಯಲ್ಲಿ ಬಹಳ ಹಿಂದಿದ್ದರೂ ಹತ್ತು ಕೋಟಿಯ ಗಡಿಯನ್ನು ದಾಟಿ ಅವುಗಳಿಗಿಂತ ಮುಂದೆ ಹೋಯಿತು. ಹೆಚ್ಚು ಮಾರಾಟವಾದುದೇ ಹೆಚ್ಚು ಶಕ್ತಿಯದೆಂದು ಇದರಿಂದ ತಿಳಿಯಬಾರದು. ಆಟ ರುಚಿಸುವುದಕ್ಕೆ ಚಿತ್ರಶಕ್ತಿಯೊಂದೇ ಕಾರಣವಲ್ಲವೆಂಬುದಷ್ಟೇ ಇದರ ಅರ್ಥ.

ಹಾಗಾದರೆ ಹೋಲಿಸುವುದೇ ತಪ್ಪೆ? ತಪ್ಪಲ್ಲ. ಹೋಲಿಸುವ ಕ್ರಮವೊಂದಿದೆ. ಅದನ್ನು ತಿಳಿದು ಹೋಲಿಸಿದರೆ ಅದೇ ಒಂದು ವಿದ್ಯೆ.

ಮೊದಲು, ಎರಡು ಯಂತ್ರಗಳಲ್ಲೂ ಒಂದೇ ಆಟದ ಒಂದೇ ಸನ್ನಿವೇಶವನ್ನು ನೋಡಬೇಕು. ಒಂದರಲ್ಲಿ ಕಾಡು, ಇನ್ನೊಂದರಲ್ಲಿ ಮರಳುಗಾಡನ್ನು ತೋರಿಸಿ ತೀರ್ಪು ಕೇಳುವುದು ನ್ಯಾಯವಲ್ಲ.

ಎರಡನೆಯದಾಗಿ, ಪರದೆ ಒಂದೇ ಆಗಿರಬೇಕು. ೧,೯೨೦ ಮತ್ತು ೧,೦೮೦ ಚುಕ್ಕಿಗಳ ಪರದೆಯು ೪ಕೆ ಪರದೆಯ ನಾಲ್ಕನೆಯ ಒಂದು ಭಾಗದಷ್ಟು ಚುಕ್ಕಿಗಳನ್ನೇ ತೋರಿಸಬಲ್ಲುದು. ಮನೆಯಲ್ಲಿರುವುದು ಅಂಥ ಪರದೆಯಾಗಿದ್ದರೆ ೪ಕೆ ಎಂಬ ಹೆಗ್ಗಳಿಕೆಯಿಂದ ದೊರೆಯುವ ಲಾಭ ಅಲ್ಪ.

ಮೂರನೆಯದಾಗಿ, ಪೆಟ್ಟಿಗೆಯ ಮೇಲೆ ಬರೆದ ಚುಕ್ಕಿಗಳ ಸಂಖ್ಯೆಯನ್ನು ಯಂತ್ರವು ಯಾವಾಗಲೂ ಬಿಡಿಸುವುದಿಲ್ಲ. ಯುದ್ಧ, ಸ್ಫೋಟ, ಮಳೆ ಮುಂತಾದ ಭಾರವಾದ ಸನ್ನಿವೇಶ ಬಂದಾಗ ಅನೇಕ ಆಟಗಳು ಕಡಿಮೆ ಚುಕ್ಕಿಗಳ ಚಿತ್ರ ಬಿಡಿಸಿ, ನಡುವಣ ಚುಕ್ಕಿಗಳನ್ನು ಲೆಕ್ಕದಿಂದ ಊಹಿಸಿ ತುಂಬಿ ಹಿಗ್ಗಿಸುತ್ತವೆ. ಇದು ಮೋಸವಲ್ಲ, ಜಾಣ್ಮೆ. ಆದರೆ ಹೋಲಿಸುವವನು ಇದನ್ನು ಅರಿತಿರಬೇಕು.

ನಾಲ್ಕನೆಯದು ಸ್ಥಿರತೆ. ಇದನ್ನು ಕೊಚ್ಚಿಯ ದೋಣಿಕಟ್ಟೆ ನನಗೆ ಕಲಿಸಿತು. ನಮ್ಮ ಹುಡುಗರಿಬ್ಬರು ಕಟ್ಟೆಗೆ ಬರುವುದು ಅರ್ಧ ನಿಮಿಷ ತಡವಾದುದರಿಂದ ದೋಣಿ ಹೊರಟುಹೋಯಿತು. ನಾವೆಲ್ಲ ಮುಂದಿನ ದೋಣಿಯವರೆಗೆ ಕಾಯಬೇಕಾಯಿತು. ಸೆಕೆಂಡಿಗೆ ೬೦ ಚಿತ್ರ ತೋರಿಸುವ ಪರದೆಯೂ ಹೀಗೆಯೇ ಹೊತ್ತಿಗೆ ಸರಿಯಾಗಿ ದೋಣಿ ಬಿಡುತ್ತದೆ. ಚಿತ್ರವು ಸಿದ್ಧವಾಗುವುದು ಸ್ವಲ್ಪವೇ ತಡವಾದರೂ ಅದು ಮುಂದಿನ ದೋಣಿಗೆ ಕಾಯಬೇಕು. ಅಷ್ಟರವರೆಗೆ ಹಳೆಯ ಚಿತ್ರವೇ ನಿಲ್ಲುವುದು. ಇದನ್ನೇ ಆಡುವವರು ಆಟ ತಡವರಿಸಿತು ಎನ್ನುವರು. ಈಚಿನ ಕೆಲವು ಪರದೆಗಳು ತಡವಾಗಿ ಬಂದವನಿಗಾಗಿ ದೋಣಿಯನ್ನು ಕ್ಷಣಕಾಲ ನಿಲ್ಲಿಸಿಕೊಳ್ಳಬಲ್ಲುವು. ಎಲ್ಲ ಪರದೆಗಳಿಗೂ ಆ ಗುಣವಿಲ್ಲ. ಒಮ್ಮೊಮ್ಮೆ ೬೦ಕ್ಕೆ ಏರಿ ಒಮ್ಮೊಮ್ಮೆ ೪೦ಕ್ಕೆ ಬೀಳುವ ಆಟಕ್ಕಿಂತ, ಕೊನೆಯವರೆಗೂ ಒಂದೇ ಸಮನೆ ೩೦ರಲ್ಲಿ ನಡೆಯುವ ಆಟವೇ ಅನೇಕರ ಕಣ್ಣಿಗೆ ಹಿತವಾಗಿರುವುದು.

ಐದನೆಯದಾಗಿ, ಬೆಳಕನ್ನು ನೋಡಬೇಕು. ಬೆಳಕಿನ ಕಿರಣ ಎಲ್ಲಿ ತಗಲಿ ಎಲ್ಲಿಗೆ ತಿರುಗುವುದೆಂಬುದನ್ನು ಲೆಕ್ಕ ಹಾಕಿ ನೆರಳು, ಹೊಳಪು, ಪ್ರತಿಬಿಂಬಗಳನ್ನು ಬಿಡಿಸುವ ಕ್ರಮಕ್ಕೆ ರೇ ಟ್ರೇಸಿಂಗ್ ಎಂದು ಹೆಸರು. ನಮ್ಮ ಹುಡುಗರ ಎರಡು ಯಂತ್ರಗಳಿಗೂ ಈ ವಿದ್ಯೆ ಬರುವುದು. ಆದರೆ ಇದು ಬಹಳ ಲೆಕ್ಕವನ್ನು ಬೇಡುವುದರಿಂದ ಇದನ್ನು ಸೇರಿಸಿದಾಗ ಚುಕ್ಕಿಗಳನ್ನೋ ವೇಗವನ್ನೋ ಕಡಿಮೆ ಮಾಡಬೇಕಾಗುವುದುಂಟು. ರವಿವರ್ಮನ ಬೆಳಕು ಬೇಕೆಂದರೆ ಮಟ್ಟಾಂಚೇರಿಯ ಗೋಡೆಯಷ್ಟು ಜನರನ್ನು ತುಂಬಲಾಗದು.

ಮಿತಿಯಿರುವಲ್ಲಿ ಜಾಣ್ಮೆ ಹುಟ್ಟುವುದೆಂಬುದಕ್ಕೂ ನಿದರ್ಶನವುಂಟು. ಫ್ಯಾಮಿಕಾಂ ಯಂತ್ರವು ಪರದೆಯ ಒಂದು ಸಾಲಿನಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ತುಣುಕುಗಳನ್ನು ತೋರಿಸಲಾರದು. ಚಿತ್ರಗಳನ್ನು ಇಟ್ಟುಕೊಳ್ಳಲು ಜಾಗವೂ ಅತ್ಯಲ್ಪ. ೧೯೮೫ರ ಸೂಪರ್ ಮಾರಿಯೊ ಬ್ರದರ್ಸ್ ಆಟದಲ್ಲಿ ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಆಕಾರವನ್ನು ಉಪಯೋಗಿಸಿ, ಬಣ್ಣವನ್ನು ಮಾತ್ರ ಬದಲಾಯಿಸಿದ್ದಾರೆ. ಎಷ್ಟೋ ಮಂದಿ ಮಕ್ಕಳು ವರ್ಷಗಟ್ಟಲೆ ಆಡಿದರೂ ಇದನ್ನು ಕಂಡುಹಿಡಿಯಲಿಲ್ಲ. ಐದು ಬಣ್ಣಗಳಲ್ಲಿ ರಾಮಾಯಣವನ್ನು ಬರೆದವರ ಜಾಣ್ಮೆಯೂ ಈ ಜಾತಿಯದೇ.

ಒಂದು ಯಂತ್ರದ ಬೆಲೆ ನಮ್ಮಲ್ಲಿ ಅನೇಕರ ಮನೆಯ ತಿಂಗಳ ವರಮಾನಕ್ಕಿಂತ ಹೆಚ್ಚು. ಆದುದರಿಂದ ಕೊಳ್ಳುವವರು ಜಾಹೀರಾತಿನ ದಪ್ಪಕ್ಷರದ ಒಂದು ಅಂಕಿಯನ್ನು ನೋಡಿ ಮರುಳಾಗದೆ, ಮೇಲಿನ ಐದು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ಕೊಳ್ಳಲಾಗದವರು ಕುಗ್ಗಬೇಕಾದುದೂ ಇಲ್ಲ. ಚಿತ್ರ ಬಿಡಿಸುವ ಈ ವಿದ್ಯೆಯನ್ನು ಕಲಿಯಲು ದುಬಾರಿ ಯಂತ್ರ ಅವಶ್ಯವಲ್ಲ. ಕೇರಳದಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆಯು ೨೦೧೮ರಲ್ಲಿ ಲಿಟ್ಲ್ ಕೈಟ್ಸ್ ಎಂಬ ವಿದ್ಯಾರ್ಥಿ ಸಂಘಗಳನ್ನು ಆರಂಭಿಸಿತು. ಎರಡು ಸಾವಿರಕ್ಕೂ ಹೆಚ್ಚು ಪ್ರೌಢಶಾಲೆಗಳಲ್ಲಿ ಮಕ್ಕಳು ಸಾಧಾರಣ ಗಣಕಗಳ ಮೇಲೆ, ಬೆಲೆಯಿಲ್ಲದೆ ದೊರೆಯುವ ಸ್ವತಂತ್ರ ತಂತ್ರಾಂಶಗಳಿಂದ ಚಲಿಸುವ ಚಿತ್ರಗಳನ್ನೂ ಚಿಕ್ಕ ಆಟಗಳನ್ನೂ ತಾವೇ ರಚಿಸುತ್ತಿದ್ದಾರೆ. ಅದೇ ರಾಜ್ಯದ ಕಾಸರಗೋಡಿನಲ್ಲಿ ನಮ್ಮಂತೆಯೇ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಆ ಸರ್ಕಾರವು ಪಾಠಪುಸ್ತಕಗಳನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಕೊಡುತ್ತಿದೆ. ಕನ್ನಡದಲ್ಲಿ ಕಲಿಯುವವರಿಗೆ ಈ ವಿದ್ಯೆ ದೂರವೆಂದು ಯಾರೂ ಎಣಿಸಬೇಕಾಗಿಲ್ಲ.

ಊರಿಗೆ ಮರಳಿದ ಮೇಲೆ ನಾನು ತರಗತಿಯಲ್ಲಿ ಎಲ್ಲರ ಎದುರಿಗೆ ನನ್ನ ತೀರ್ಪನ್ನು ಹಿಂದೆಗೆದುಕೊಂಡೆನು. ಸೋತ ಹುಡುಗನು ಏನೂ ಹೇಳಲಿಲ್ಲ. ತಲೆ ತಗ್ಗಿಸಿ ನಕ್ಕನು. ಒಂದು ತಿಂಗಳ ಮೇಲೆ ಇಬ್ಬರೂ ಸೇರಿ ಶಾಲೆಯ ಹಳೆಯ ಗಣಕದಲ್ಲಿ ಸ್ಕ್ರ್ಯಾಚ್ ಎಂಬ ತಂತ್ರಾಂಶದಿಂದ ಒಂದು ಆಟವನ್ನು ರಚಿಸಿ ನನ್ನನ್ನು ಕರೆದರು. ಹಿನ್ನೀರಿನಲ್ಲಿ ಒಂದು ದೋಣಿ, ದಡಕ್ಕೆ ಚೀನೀ ಬಲೆ, ನಡುವೆ ಹಾರುವ ಮೀನುಗಳು. ಆ ತಂತ್ರಾಂಶದ ರಂಗಸ್ಥಳದಲ್ಲಿ ಅಡ್ಡಲಾಗಿ ೪೮೦, ಮೇಲಿಂದ ಕೆಳಕ್ಕೆ ೩೬೦ ಚುಕ್ಕಿಗಳು. ೪ಕೆ ಪರದೆಯ ನಲವತ್ತೆಂಟನೆಯ ಒಂದು ಪಾಲು.

ಮೊದಲು ಇನ್ನೂರು ಮೀನು ಬಿಟ್ಟರಂತೆ. ದೋಣಿ ತಡವರಿಸಿತು. ಒಬ್ಬನು ಮೀನಿನ ಹೊಳಪನ್ನು ತೆಗೆಯೋಣವೆಂದನು. ಇನ್ನೊಬ್ಬನು ಮೀನುಗಳನ್ನೇ ಕಡಿಮೆ ಮಾಡೋಣವೆಂದನು. ಎರಡನ್ನೂ ಮಾಡಿ ನೋಡಿ, ಕೊನೆಗೆ ನಲವತ್ತು ಮೀನುಗಳನ್ನು ಉಳಿಸಿಕೊಂಡರು. ದೋಣಿ ಸರಾಗವಾಗಿ ದಡ ಮುಟ್ಟಿತು.

ನಾನು ಆಡಿದಾಗ ಮೂರು ಸಲವೂ ಸೋತೆನು. ತೀರ್ಪನ್ನು ಈ ಬಾರಿ ಅವರೇ ಕೊಟ್ಟರು.